ಬಾರದವರ ಪಟ್ಟಿ

ಜನವರಿಯಲ್ಲಿ ತುಮಕೂರು ಸೀಮೆಯ ಹಳ್ಳಿದಾರಿ ಹಿಡಿದರೆ ಅರ್ಧ ದೂರ ರಾಗಿಯ ಮೇಲೇ ಸಾಗಬೇಕು. ಡಾಂಬರಿನ ಅಗಲಕ್ಕೂ ತೆನೆ ಹರಡಿರುತ್ತಾರೆ. ಹೋಗಿಬರುವ ಬಸ್ಸು, ಟ್ರ್ಯಾಕ್ಟರು, ಹಾಲಿನ ಟೆಂಪೊ ಎಲ್ಲವೂ ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಮುಂದೆ ಹೋಗಬೇಕು. ಆ ಹುಲ್ಲಿನ ಮೇಲೆ ಚರಚರ ಸದ್ದು ಮಾಡುತ್ತಾ ಬಿಳಿಯ ಎಕ್ಸ್-ರೇ ವ್ಯಾನೊಂದು ಊರೊಳಗೆ ಬಂದು, ಅರಳಿಕಟ್ಟೆ ದಾಟಿ, ಶಾಲೆಯ ಕಾಂಪೌಂಡಿನ ಪಕ್ಕ ನಿಂತಾಗ ಇನ್ನೂ ಏಳು ಗಂಟೆಯಾಗಿಲ್ಲ. ಬಚ್ಚಲೊಲೆಗಳ ಹೊಗೆ ಹೆಂಚಿನ ಸಂದಿಯಿಂದ ಎದ್ದು ಮಂಜಿಗೆ ಸೇರುತ್ತಿದೆ. ಯಾರದೋ ಮನೆಯಲ್ಲಿ ಅವರೆಕಾಳು ಬೇಯುತ್ತಿದೆ; ಆ ಸೊಗಡಿನ ಮೇಲೆ ವ್ಯಾನಿನ ಜನರೇಟರು ತನ್ನ ಡೀಸೆಲ್ ವಾಸನೆಯನ್ನು ಹೊದಿಸುತ್ತಿದೆ. ಡೇರಿಯ ಮುಂದೆ ಕ್ಯಾನುಗಳ ಠಣಠಣ. ಸ್ವೆಟರು ಹಾಕಿ ತಲೆಗೆ ಟವೆಲ್ಲು ಸುತ್ತಿದ ಗಂಡಸರು ಹಾಲಿನ ಪಾತ್ರೆ ಹಿಡಿದೇ ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ.

ಹಿಂದಿನ ಜೀಪಿನಿಂದ ಇಳಿದ ನಡುವಯಸ್ಸಿನ ಹೆಂಗಸನ್ನು ಡಾಕ್ಟರಮ್ಮ ಎಂದುಕೊಂಡು ಜಗಲಿಯ ಅಜ್ಜಿಯೊಬ್ಬರು ಆಗಲೇ ರವಿಕೆಯ ತೋಳು ಮೇಲೇರಿಸಿ ಕೈ ಚಾಚಿದ್ದಾರೆ. ಆದರೆ ಈಕೆಯ ಬಳಿ ಸ್ಟೆತಸ್ಕೋಪೂ ಇಲ್ಲ, ಬಿಪಿ ಯಂತ್ರವೂ ಇಲ್ಲ. ಇರುವುದು ಒಂದು ಉದ್ದನೆಯ ನೋಟು ಪುಸ್ತಕ, ಒಂದು ಟ್ಯಾಬ್, ಸೀಮೆಸುಣ್ಣದ ತುಂಡು ಮತ್ತು ತೇವದ ಹವೆಗೆ ಮಂಜಾಗುವ ಕನ್ನಡಕ. "ನಾನು ಲೆಕ್ಕದೋಳು ಅಜ್ಜಿ" ಎಂದು ಆಕೆ ನಗುತ್ತಾರೆ. ರೋಗದ ಲೆಕ್ಕ ಇಡುವ ಬಯೋಸ್ಟ್ಯಾಟಿಸ್ಟಿಷಿಯನ್ ಎಂದು ಬಿಡಿಸಿ ಹೇಳಿದ್ದರೂ ಅಜ್ಜಿ ಕೈ ಹಿಂದೆಗೆಯುತ್ತಿರಲಿಲ್ಲವೇನೋ. ಕೊನೆಗೆ ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ ಆ ಕೈ ಹಿಡಿದು, "ಆಮೇಲ್ ನೋಡ್ತಾರೆ ಬಾರಜ್ಜಿ, ಮೊದ್ಲು ನಿನ್ ವಯಸ್ಸೆಷ್ಟು ಹೇಳು" ಎನ್ನುತ್ತಾಳೆ. ಅಜ್ಜಿ ಆಕಾಶ ನೋಡಿ, "ಅರವತ್ತು ಅಂತ ಬರ್ಕೋ" ಎನ್ನುತ್ತಾರೆ.

ಈ ಅರವತ್ತರ ಕಥೆಗೆ ಆಮೇಲೆ ಬರೋಣ. ಸದ್ಯಕ್ಕೆ ಈ ಲೆಕ್ಕದ ಮೇಡಂ ಹಿಂದೆ ಸದ್ದಿಲ್ಲದೆ ಹೆಜ್ಜೆ ಹಾಕಿ.

ಊರಿನ ಪ್ರತಿ ಬಾಗಿಲಿನ ಪಕ್ಕ ಸೀಮೆಸುಣ್ಣದ ಒಂದು ಅಂಕಿಯಿದೆ. ವ್ಯಾನು ಬರುವ ಮೊದಲೇ ಕ್ಷಯ ಸಮೀಕ್ಷೆಯ ಹುಡುಗರು ಮನೆಮನೆ ತಿರುಗಿ ನಂಬರು ಹಾಕಿದ್ದಾರೆ. ಹದಿನೈದು ದಾಟಿದ ಪ್ರತಿಯೊಬ್ಬರ ಹೆಸರು ಬರೆದುಕೊಂಡಿದ್ದಾರೆ. ಕೇಳಲು ಸುಲಭದ ಕೆಲಸ. ಆದರೆ ಒಂದು ಮನೆಯ ಮುಂದೆ ನಿಂತು ನೋಡಿ. ಹಿರಿಮಗ ಪೀಣ್ಯದ ಕಾರ್ಖಾನೆಯಲ್ಲಿದ್ದಾನೆ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾನೆ. ಅವನು ಈ ಊರಿನವನೋ ಬೆಂಗಳೂರಿನವನೋ? ಮಗಳು ಬಾಣಂತನಕ್ಕೆ ಬಂದು ಮೂರು ತಿಂಗಳಾಗಿದೆ. ಅವಳು ತವರಿನ ಲೆಕ್ಕಕ್ಕೋ ಗಂಡನ ಮನೆಯ ಲೆಕ್ಕಕ್ಕೋ? ತೋಟದ ಮನೆಯಲ್ಲಿ ಮಲಗಿ ಊಟಕ್ಕೆ ಮಾತ್ರ ಇಲ್ಲಿಗೆ ಬರುವ ಚಿಕ್ಕಪ್ಪನನ್ನು ಯಾವ ನಂಬರಿಗೆ ಸೇರಿಸಬೇಕು? ಇವೆಲ್ಲಕ್ಕೂ ಉತ್ತರ ಮೇಡಂ ಕೈಯಲ್ಲಿರುವ ಕೈಪಿಡಿಯಲ್ಲಿದೆ. ಇಷ್ಟು ದಿನ ಇಲ್ಲಿ ಮಲಗಿದ್ದರೆ ಇಲ್ಲಿಯವರು, ಇಲ್ಲದಿದ್ದರೆ ಅಲ್ಲ ಎಂದು ಮೊದಲೇ ಗೆರೆ ಎಳೆದಾಗಿದೆ. ಗೆರೆ ಎಲ್ಲಿ ಎಳೆದರೂ ಯಾರಿಗೋ ಅನ್ಯಾಯ ಅನ್ನಿಸುತ್ತದೆ, ಆದರೆ ಊರಿಗೊಂದು ಗೆರೆ ಎಳೆದರೆ ಲೆಕ್ಕವೇ ನಿಲ್ಲುವುದಿಲ್ಲ. ಪೀಣ್ಯದ ಹುಡುಗನ ತಾಯಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. "ರೇಷನ್ ಕಾರ್ಡಲ್ ಐತಲ್ಲವ್ವ ಅವನ್ ಹೆಸ್ರು" ಎಂದು ಕಾರ್ಡನ್ನೇ ತಂದು ತೋರಿಸುತ್ತಾರೆ.

ಎಂಟರ ಹೊತ್ತಿಗೆ ವ್ಯಾನಿನ ಮುಂದೆ ಸಾಲು ಬೆಳೆಯುತ್ತದೆ. ಮೊದಲು ಒಂದು ಮೇಜು, ಅಲ್ಲಿ ಪ್ರಶ್ನೆ: ಕೆಮ್ಮು ಎರಡು ವಾರದಿಂದ ಇದೆಯಾ, ಜ್ವರ, ರಾತ್ರಿ ಬೆವರುವುದು, ತೂಕ ಇಳಿದದ್ದು, ಕಫದಲ್ಲಿ ರಕ್ತ. ಆಮೇಲೆ ಎರಡು ಮೆಟ್ಟಿಲು ಹತ್ತಿ ಒಳಗೆ ಎದೆಯ ಎಕ್ಸ್-ರೇ. ಬಸುರಿಯರನ್ನು ಇದರಿಂದ ಬಿಡುತ್ತಾರೆ. ಸರ, ತಾಳಿ ಕಳಚಲು ಒಪ್ಪದವರಿಗೆ ಅದನ್ನು ಬೆನ್ನಿನ ಕಡೆ ಸರಿಸಲು ಹೇಳುತ್ತಾರೆ, ಆಗ ಹೊರಗೆ ನಿಂತ ಹೆಂಗಸರಲ್ಲಿ ನಗು ಏಳುತ್ತದೆ. ಕೆಮ್ಮಿದ್ದವರಿಗೂ, ಚಿತ್ರದಲ್ಲಿ ಏನಾದರೂ ನೆರಳು ಕಂಡವರಿಗೂ ಒಂದು ಡಬ್ಬಿ ಕೊಟ್ಟು ಶಾಲೆಯ ಹಿಂದಿನ ಬಯಲಿಗೆ ಕಳಿಸುತ್ತಾರೆ. "ಉಗುಳು ಬೇಡ ಅಣ್ಣಾ, ಆಳದಿಂದ ಕೆಮ್ಮಿ ಕಫ ತೆಗೀಬೇಕು" ಎಂದು ದಿನವಿಡೀ ಹೇಳಿ ಹೇಳಿ ಲ್ಯಾಬಿನ ಹುಡುಗನ ಗಂಟಲೇ ಕಟ್ಟಿದೆ. ಡಬ್ಬಿಗಳು ಮಂಜುಗಡ್ಡೆಯ ಪೆಟ್ಟಿಗೆಗೆ ಸೇರುತ್ತವೆ. ಒಂದೊಂದರ ಮೇಲೂ ಹೆಸರಿಲ್ಲ, ಅಂಕಿಯಷ್ಟೇ.

ಸಾಲಿನಲ್ಲಿ ನಿಂತವರ ಕಡೆ ಮೇಡಂ ಅಷ್ಟಾಗಿ ನೋಡುವುದಿಲ್ಲ. ಅವರ ಕಣ್ಣು ಇನ್ನೊಂದು ಕಾಗದದ ಮೇಲಿದೆ. ಬಾರದವರ ಪಟ್ಟಿ ಅದು. ಬೆಳಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿಹೋದ ಹದಿನಾರು ಹೆಣ್ಣುಮಕ್ಕಳು. ತೆಂಗಿನಕಾಯಿ ಕೆಡವಲು ಪಕ್ಕದೂರಿಗೆ ಹೋದವರು. ನಿನ್ನೆ ರಾತ್ರಿ ಕುಡಿದು ಇನ್ನೂ ಏಳದವನೊಬ್ಬ. ಬರುವುದಿಲ್ಲ ಎಂದು ಬಾಗಿಲು ಹಾಕಿಕೊಂಡವರು ಇಬ್ಬರು. ಬರಲು ಬಿಡುವಿರುವವರು ಸಾಮಾನ್ಯವಾಗಿ ಬಂದೇ ಬರುತ್ತಾರೆ. ಬಾರದವರು ಬೇರೆ ಬಗೆಯ ಜನ. ದುಡಿಯುವ ವಯಸ್ಸಿನ ಗಂಡಸರು, ಕುಡಿತ ಇರುವವರು, ಒಂದು ದಿನದ ಕೂಲಿ ಬಿಟ್ಟರೆ ಸಂಜೆಯ ಅಡುಗೆಗೆ ತೊಡಕಾಗುವವರು. ಕ್ಷಯ ಹೆಚ್ಚಾಗಿ ಹಿಡಿಯುವುದೂ ಇಂಥವರನ್ನೇ. ಬಂದವರನ್ನಷ್ಟೇ ಎಣಿಸಿದರೆ ಊರು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಆಸ್ಪತ್ರೆಯ ರಿಜಿಸ್ಟರಿನ ದೋಷವೂ ಇದೇ: ಅದರಲ್ಲಿರುವುದು ಆಸ್ಪತ್ರೆಗೆ ಹೋದವರ ಹೆಸರು ಮಾತ್ರ. ಅದಕ್ಕೇ ಜೀಪು ಸಂಜೆ ಏಳರ ನಂತರ, ಗಾರ್ಮೆಂಟ್ಸ್ ಬಸ್ಸು ವಾಪಸ್ಸು ಬರುವ ಹೊತ್ತಿಗೆ ಮತ್ತೆ ಅದೇ ಬಾಗಿಲುಗಳ ಮುಂದೆ ನಿಲ್ಲುತ್ತದೆ.

ಬಾಗಿಲು ಹಾಕಿಕೊಂಡಿದ್ದ ಇಬ್ಬರಲ್ಲಿ ಒಬ್ಬರು ಹಿರಿಯ ರೈತರು. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. "ನಂಗೇನೂ ಆಗಿಲ್ಲ, ಪಕ್ಕದ್ಮನೆ ಹುಡ್ಗ ಸುಮ್ನೆ ಕೂತವ್ನೆ, ಅವನ್ನ ಕರ್ಕೊಂಡ್ ಹೋಗಿ. ಅನ್ನ ಬೆಂದೈತೋ ಇಲ್ವೋ ನೋಡಕ್ಕೆ ಒಂದಗುಳು ಸಾಕಲ್ವೇನವ್ವ?" ಮೇಡಂ ಜಗಲಿಯ ಮೇಲೆ ಕೂರುತ್ತಾರೆ. ಈ ಮಾತನ್ನು ಬೇರೆ ಬೇರೆ ಊರುಗಳಲ್ಲಿ ಕೇಳಿ ಅವರಿಗೆ ಅಭ್ಯಾಸವಾಗಿದೆ. "ಸಾಕು ಅಪ್ಪಾರೆ, ಪಾತ್ರೆಯೆಲ್ಲ ಒಂದೇ ಹದದಲ್ಲಿ ಬೆಂದಿದ್ರೆ ಸಾಕು. ನಾನು ಹುಡುಕ್ತಿರೋದು ಲಕ್ಷ ಅಗುಳಿನಲ್ಲಿ ಬೇಯದೆ ಉಳಿದ ಮುನ್ನೂರು. ಅದು ನಿಮ್ಮದಾಗಿರಬಹುದು, ಅಲ್ಲದೆಯೂ ಇರಬಹುದು. ನಿಮ್ಮ ಬದಲು ಅವನನ್ನ ತಗೊಂಡ್ರೆ ಲೆಕ್ಕ ಅವನದಾಗುತ್ತೆ, ನಿಮ್ಮದಾಗಲ್ಲ." ಹಿರಿಯರು ಎಲೆಯಡಿಕೆ ಬಾಯಿಗಿಟ್ಟು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಒಪ್ಪಿದ್ದಕ್ಕೋ, ಈ ಹೆಂಗಸು ಎದ್ದುಹೋಗುವುದಿಲ್ಲ ಎಂದು ಗೊತ್ತಾಗಿದ್ದಕ್ಕೋ, ಟವೆಲ್ಲು ಹೆಗಲಿಗೆ ಹಾಕಿ ಹೊರಡುತ್ತಾರೆ.

ಮುನ್ನೂರು ಎಂದದ್ದು ಬಾಯಿಮಾತಿನ ಸಂಖ್ಯೆಯಲ್ಲ. 2019ರಿಂದ 2021ರವರೆಗೆ ದೇಶದಾದ್ಯಂತ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ 3,22,480 ಜನರನ್ನು ಹೀಗೆಯೇ ಊರೂರಿಗೆ ವ್ಯಾನು ಒಯ್ದು ನೋಡಿದರು. ಕರೆದವರಲ್ಲಿ ನೂರಕ್ಕೆ 91 ಮಂದಿ ಬಂದರು. ನಡುವೆ ಕೋವಿಡ್ ಬಂದುಹೋದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹದಿನೈದು ದಾಟಿದ ಪ್ರತಿ ಲಕ್ಷ ಜನರಲ್ಲಿ 316 ಮಂದಿಗೆ ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯ ಇತ್ತು. ಎಂಟುನೂರು ವಯಸ್ಕರಿರುವ ಒಂದು ಊರಿಗೆ ಇದನ್ನು ಇಳಿಸಿ ನೋಡಿದರೆ ಇಬ್ಬರು ಅಥವಾ ಮೂವರು. ಬಾರದವರ ಪಟ್ಟಿಯಲ್ಲಿ ಆ ಇಬ್ಬರಲ್ಲೊಬ್ಬ ಉಳಿದುಬಿಟ್ಟರೆ ಊರಿನ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಸಂಜೆಯ ಜೀಪಿಗೆ ಡೀಸೆಲ್ ಸುಡುವುದು ಯಾಕೆಂದು ಈಗ ಕೇಳಬೇಕಿಲ್ಲ.

ಅದೇ ಸಮೀಕ್ಷೆಯ ಇನ್ನೆರಡು ಸಂಖ್ಯೆಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ರೋಗದ ಲಕ್ಷಣ ಇದ್ದವರಲ್ಲಿ ನೂರಕ್ಕೆ 64 ಮಂದಿ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಕೆಮ್ಮನ್ನು ಅವರಲ್ಲಿ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನು ಸಿಕ್ಕ ರೋಗಿಗಳಲ್ಲಿ ನೂರಕ್ಕೆ 43ರಷ್ಟು ಮಂದಿ ಎಕ್ಸ್-ರೇ ಇಲ್ಲದೆ ಬರೀ ಪ್ರಶ್ನೆ ಕೇಳಿದ್ದರೆ ಕೈತಪ್ಪಿ ಹೋಗುತ್ತಿದ್ದರು. ಅವರು ಸುಳ್ಳು ಹೇಳಿದ್ದಲ್ಲ. ರೋಗ ಎದೆಯಲ್ಲಿ ಕೂತು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಇಂಥ ಎಣಿಕೆಗೆ ನಮ್ಮ ನೆಲದಲ್ಲಿ ಹಳೆಯ ಬೇರಿದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಬಸ್ಸು ಕಾರುಗಳ ಗದ್ದಲದ ಪಕ್ಕದಲ್ಲೇ, ಅವಲಾನ್ ಎಂಬ ಹಳೆಯ ಬಂಗಲೆಯ ಆವರಣದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಹುಟ್ಟಿದ ಇದನ್ನು ಮರುವರ್ಷ ನೆಹರೂ ಉದ್ಘಾಟಿಸಿದರು. ಅದಕ್ಕೂ ಮೊದಲು, 1955ರಿಂದ 58ರವರೆಗೆ ನಡೆದ ದೇಶದ ಮೊದಲ ಸಮೀಕ್ಷೆ, ಕ್ಷಯ ಎಂದರೆ ಗಿರಣಿ ಊರುಗಳ, ಇಕ್ಕಟ್ಟಿನ ಗಲ್ಲಿಗಳ ರೋಗ ಎಂಬ ನಂಬಿಕೆಯನ್ನು ಉರುಳಿಸಿತ್ತು. ಹಳ್ಳಿಗಳಲ್ಲೂ ಅದು ಹೆಚ್ಚು ಕಡಿಮೆ ಅಷ್ಟೇ ಇತ್ತು. ಹಾಗಾಗಿ ಹೊಸ ಸಂಸ್ಥೆಯ ಜನ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೊರಟರು. ಅಲ್ಲಿ ಎಣಿಸಿ ಸಿಕ್ಕ ರೋಗಿಗಳ ಮನೆಗೆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತಂಡದವರು ಹೋಗಿ, ನಿಮಗೆ ಕಾಯಿಲೆ ಇರುವುದು ಗೊತ್ತಿತ್ತೇ, ಏನು ಮಾಡಿದಿರಿ ಎಂದು ಕೇಳಿದರು. 1963ರಲ್ಲಿ ಅಚ್ಚಾದ ಆ ವರದಿಯ ಪ್ರಕಾರ, ಅರ್ಧಕ್ಕರ್ಧ ಜನ ಆಗಲೇ ಸರ್ಕಾರಿ ದವಾಖಾನೆಗೆ ಹೋಗಿ ಬಂದಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುವವರು ಓದಬೇಕಾದ ಪುಟ ಅದು. ತಿಳಿವಳಿಕೆಯ ಕೊರತೆ ಇದ್ದದ್ದು ಮೇಜಿನ ಆಚೆ ಬದಿಯಲ್ಲಿ.

ಆಮೇಲಿನದು ಇನ್ನೂ ದೊಡ್ಡ ಸಾಹಸ. 1961ರಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಆರಿಸಿ, ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಸುತ್ತು ಅದೇ ಮನೆಗಳಿಗೆ ಹೋದರು. ಆಗ ಕಂಪ್ಯೂಟರಿಲ್ಲ, ಒಬ್ಬೊಬ್ಬರಿಗೂ ಒಂದು ಕಾರ್ಡು. ಸೋಂಕು ತಗುಲಿದೆಯೇ ಎಂದು ತಿಳಿಯಲು ಮುಂದೋಳಿಗೆ ಟ್ಯೂಬರ್ಕುಲಿನ್ ಚುಚ್ಚಿ, ಮೂರು ದಿನ ಬಿಟ್ಟು ಬಂದು, ಎದ್ದ ಗಂಟನ್ನು ಪಾರದರ್ಶಕ ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆಯಬೇಕು. ಇಲ್ಲೇ ನಮ್ಮ ಲೆಕ್ಕದವರ ಕಣ್ಣು ಕೆಲಸಕ್ಕೆ ಬರುವುದು. ಹೀಗೆ ಅಳೆಯುವವರ ಕೈ ಎಲ್ಲ ಕಾಲದಲ್ಲೂ ದುಂಡು ಸಂಖ್ಯೆಗೆ ಒಲಿಯುತ್ತದೆ. ಹದಿನಾಲ್ಕೂ ಹದಿನೈದಾಗುತ್ತದೆ, ಒಂಬತ್ತೂ ಹತ್ತಾಗುತ್ತದೆ. ಒಬ್ಬ ಅಳತೆಗಾರನ ಕಾರ್ಡುಗಳಲ್ಲಿ ಹತ್ತು, ಹದಿನೈದು, ಇಪ್ಪತ್ತು ಅತಿಯಾಗಿ ಕಂಡರೆ ರೋಗ ಹೆಚ್ಚಾಗಿದೆ ಎಂದಲ್ಲ, ಅವನಿಗೆ ಮತ್ತೆ ತರಬೇತಿ ಬೇಕು ಎಂದು ಅರ್ಥ.

ಆ 119 ಹಳ್ಳಿಗಳ ಕಾರ್ಡುಗಳಿಂದ ಬಂದ ಫಲಿತಾಂಶ ಇಂದಿಗೂ ಕ್ಷಯದ ಪಠ್ಯಪುಸ್ತಕಗಳಲ್ಲಿದೆ. ವ್ಯವಸ್ಥಿತ ಚಿಕಿತ್ಸೆ ಹಳ್ಳಿಗೆ ಇನ್ನೂ ಮುಟ್ಟದ ಆ ಕಾಲದಲ್ಲಿ, ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡವರಲ್ಲಿ ಐದು ವರ್ಷದ ಹೊತ್ತಿಗೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು, 33 ಮಂದಿ ತಾವಾಗಿ ಗುಣವಾಗಿದ್ದರು, 18 ಮಂದಿ ಇನ್ನೂ ಕೆಮ್ಮುತ್ತಾ ಕ್ರಿಮಿ ಹರಡುತ್ತಿದ್ದರು. ಇದನ್ನು ಓದುವಾಗ ನನಗೆ ಕಸಿವಿಸಿಯಾಗುತ್ತದೆ. ಆ 49 ಮಂದಿಗೆ ಹೆಸರು, ಹೊಲ, ಹಸು ಎಲ್ಲ ಇದ್ದವು. ನಾಲ್ಕನೇ ಸುತ್ತಿಗೆ ಹೋದವರು ಅವರ ಕಾರ್ಡಿನ ಮೇಲೆ ಒಂದು ಗುರುತು ಹಾಕಿ ಮುಂದಿನ ಮನೆಗೆ ನಡೆದಿರಬೇಕು. ಇಂದು ಇಂಥ ಅಧ್ಯಯನಕ್ಕೆ ಯಾವ ನೈತಿಕ ಸಮಿತಿಯೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಮದ್ದಿಲ್ಲದ ಕ್ಷಯ ಏನು ಮಾಡುತ್ತದೆ ಎಂದು ಜಗತ್ತಿಗೆ ತಿಳಿಸಿದ ಸಂಖ್ಯೆಗಳಲ್ಲಿ ಬೆಂಗಳೂರು ಸುತ್ತಲಿನ ರಾಗಿ ಹೊಲದವರ ಪಾಲೂ ಇದೆ.

ಈಗ ಮೇಡಂ ಅವರ ಬೆಂಗಳೂರಿನ ಕೊಠಡಿಗೆ ಬನ್ನಿ. ರಾಗಿಹುಲ್ಲಿಲ್ಲ, ಅವರೆಯ ಸೊಗಡಿಲ್ಲ. ಎರಡು ತೆರೆ, ಒಂದು ಫ್ಲಾಸ್ಕು, ಮೂಲೆಯಲ್ಲಿ ಊರೂರಿನ ಮಣ್ಣು ಅಂಟಿದ ಒಂದು ಜೊತೆ ಚಪ್ಪಲಿ. ಇಲ್ಲಿ ಕೆಲಸದ ಮೊದಲ ವಾರಗಳೆಲ್ಲ ಕಸ ಗುಡಿಸುವುದಕ್ಕೇ ಹೋಗುತ್ತವೆ. ಬಸುರಿ ಎಂದು ನಮೂದಾದ ಗಂಡಸು ಸಿಗುತ್ತಾನೆ. ಮಗನಿಗಿಂತ ಚಿಕ್ಕವಳಾದ ತಾಯಿ ಸಿಗುತ್ತಾಳೆ. ಒಂದೇ ನಂಬರಿನ ಎರಡು ಕಫದ ಡಬ್ಬಿ ಸಿಗುತ್ತವೆ. ಅಂದು ರಾತ್ರಿ ಫೋನು ಹಿಡಿದು ಲ್ಯಾಬಿನ ಹುಡುಗನಿಂದ ಹಿಡಿದು ಜೀಪಿನ ಡ್ರೈವರನವರೆಗೆ ಎಲ್ಲರನ್ನೂ ವಿಚಾರಿಸಬೇಕು. ವಯಸ್ಸಿನ ಸಾಲನ್ನು ಗ್ರಾಫಿಗೆ ಹಾಕಿದರೆ 40, 45, 50, 60ರ ಮೇಲೆ ಕೊಂಬು ಎದ್ದಿರುತ್ತದೆ. 59, 61 ಬಯಲಾಗಿರುತ್ತವೆ. ಜಗಲಿಯ ಅಜ್ಜಿಯ 'ಅರವತ್ತು ಅಂತ ಬರ್ಕೋ' ಇಲ್ಲಿ ಬಂದು ಕೂತಿದೆ. ಈ ದುಂಡು ವಯಸ್ಸಿನ ಮೋಹವನ್ನು ಅಳೆಯಲೂ ಒಂದು ಸೂಚ್ಯಂಕವಿದೆ. ಅದಕ್ಕೇ ಅವರು ವಯಸ್ಸನ್ನು ಒಂದೊಂದಾಗಿ ನಂಬದೆ ಹತ್ತು ವರ್ಷದ ಗುಂಪುಗಳಾಗಿ ಓದುತ್ತಾರೆ.

ಬಾರದವರ ಪಟ್ಟಿ ಇಲ್ಲೂ ಅವರನ್ನು ಬಿಟ್ಟಿಲ್ಲ. ಸಂಜೆಯ ಜೀಪಿಗೂ ಸಿಗದವರು ಉಳಿದೇ ಉಳಿಯುತ್ತಾರೆ. ಬಂದವರಲ್ಲಿ ಅವರದೇ ವಯಸ್ಸಿನ, ಅವರದೇ ಬಗೆಯ ಜನರಿಗೆ ಸ್ವಲ್ಪ ಹೆಚ್ಚು ತೂಕ ಕೊಟ್ಟು, ಬಾರದವರ ಜಾಗವನ್ನು ಅಂದಾಜಿನಲ್ಲಿ ತುಂಬುತ್ತಾರೆ. ಅಂದಾಜು ಅಂದಾಜೇ ಎಂದು ಒಪ್ಪಿಕೊಳ್ಳುವುದಕ್ಕಾಗಿ ಕೊನೆಯ ಸಂಖ್ಯೆಯ ಪಕ್ಕ ಇನ್ನೆರಡು ಸಂಖ್ಯೆ ಬರೆಯುತ್ತಾರೆ. 316ರ ಪಕ್ಕ 290ರಿಂದ 342 ಎಂದು ಇರುವುದು ಅದಕ್ಕೇ. ಪತ್ರಿಕೆಗಳಲ್ಲಿ ಮೊದಲು ಕತ್ತರಿಸಿ ಬಿಸಾಡುವುದು ಈ ಎರಡನ್ನು. ಅದೇ ಸಮೀಕ್ಷೆಯಲ್ಲಿ ದೆಹಲಿಗೆ 534, ಕೇರಳಕ್ಕೆ 115 ಬಂದಾಗ ಯಾರು ಮೇಲೆ ಯಾರು ಕೆಳಗೆ ಎಂಬ ಪಟ್ಟಿ ಹೊರಟಿತು. ಕೇರಳದ 115ರ ಪಕ್ಕ 47ರಿಂದ 184 ಎಂದು ಬರೆದದ್ದನ್ನು ಎಷ್ಟು ಜನ ನೋಡಿದರು? ಒಂದು ರಾಜ್ಯದೊಳಗೆ ಸಿಗುವ ರೋಗಿಗಳು ಬೆರಳೆಣಿಕೆಯಷ್ಟಾದಾಗ ಅಂದಾಜಿನ ಹರವು ಅಷ್ಟು ಅಗಲವಾಗುತ್ತದೆ. ದೆಹಲಿ ಕೇರಳಗಳ ಅಂತರ ನಿಜ. ನಡುವಿನ ರಾಜ್ಯಗಳನ್ನು ಐದನೆಯದು, ಆರನೆಯದು ಎಂದು ಸಾಲಾಗಿ ನಿಲ್ಲಿಸುವುದು ಬರೀ ಗದ್ದಲ.

ಎಣಿಸುವುದರ ಜೊತೆಗೆ ಲೆಕ್ಕದವರಿಗೆ ಇನ್ನೊಂದು ಕೆಲಸವಿದೆ, ಏನು ಮಾಡಿದರೆ ರೋಗ ತಗ್ಗುತ್ತದೆ ಎಂದು ಪರೀಕ್ಷಿಸುವುದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತವರ ತಂಡ 2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ ಇಂಥದೊಂದನ್ನು ನಡೆಸಿತು. ಪ್ರಶ್ನೆ ಅಡುಗೆಮನೆಯದು: ಕ್ಷಯ ಇರುವವರ ಮನೆಗೆ ಅಕ್ಕಿಬೇಳೆ ಕೊಟ್ಟರೆ ಉಳಿದವರಿಗೆ ರೋಗ ತಗಲುವುದು ಕಡಿಮೆಯಾದೀತೇ? 2,800 ರೋಗಿಗಳ ಮನೆಗಳು, ಅವುಗಳಲ್ಲಿ 10,345 ಮಂದಿ. 28 ಕ್ಷಯ ಘಟಕಗಳಲ್ಲಿ ಯಾವುದರ ಮನೆಯವರಿಗೆ ಪಡಿತರ, ಯಾವುದರವರಿಗೆ ಇಲ್ಲ ಎಂಬುದನ್ನು ಚೀಟಿಯ ಲೆಕ್ಕದಲ್ಲಿ ನಿರ್ಧರಿಸಿದರು. ಹಸಿದ ಮುಖ ನೋಡಿ ಯಾರಾದರೂ ಆರಿಸಿದ್ದರೆ ಕರುಣೆ ಗೆಲ್ಲುತ್ತಿತ್ತು, ಲೆಕ್ಕ ಸೋಲುತ್ತಿತ್ತು. ಕ್ಷಯವಾದವರಿಗೆ ಎರಡೂ ಕಡೆ ಆಹಾರದ ಚೀಲ ಸಿಕ್ಕಿತು; ವ್ಯತ್ಯಾಸ ಮನೆಯ ಉಳಿದವರ ಪಾಲಿನಲ್ಲಿ ಮಾತ್ರ. ಪಡಿತರ ಪಡೆದ ಗುಂಪಿನಲ್ಲಿ ವಯಸ್ಕರೊಬ್ಬರಿಗೆ ತಿಂಗಳಿಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ.

ಪಡಿತರ ಇದ್ದ ಕಡೆ 5,621 ಜನರಲ್ಲಿ 94 ಮಂದಿಗೆ ಕ್ಷಯ ಬಂತು. ಇಲ್ಲದ ಕಡೆ 4,724ರಲ್ಲಿ 122 ಮಂದಿಗೆ. ಕೈಯಲ್ಲೇ ಭಾಗಿಸಿ ನೋಡಿದರೆ ರೋಗ ಮೂರರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿಯೇ ತಗ್ಗಿದೆ, ಸುಮಾರು ಶೇಕಡಾ 35. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೇಖನ ಹೇಳುವುದು 39. ಈ ನಾಲ್ಕು ಅಂಶ ಎಲ್ಲಿಂದ ಬಂತು ಎಂದರೆ, ಅದೇ ಲೆಕ್ಕದವರ ಕಸುಬು. ಎಲ್ಲರನ್ನೂ ಒಂದೇ ಅವಧಿ ಗಮನಿಸಿರುವುದಿಲ್ಲ, ಹಾಗಾಗಿ ತಲೆಯ ಬದಲು ಗಮನಿಸಿದ ಕಾಲವನ್ನು ಎಣಿಸಬೇಕು. ಒಂದೇ ಮನೆಯವರು ಒಂದೇ ಗಾಳಿ ಉಸಿರಾಡುವುದರಿಂದ ಅವರನ್ನು ಬೇರೆ ಬೇರೆಯವರೆಂದು ಎಣಿಸುವಂತಿಲ್ಲ. ಎರಡು ಗುಂಪಿನ ನಡುವೆ ಮೊದಲೇ ಇದ್ದ ಸಣ್ಣಪುಟ್ಟ ಏರುಪೇರನ್ನೂ ಸರಿದೂಗಿಸಬೇಕು. ಕೊನೆಗೆ ಸರ್ಕಾರದ ಮೇಜಿಗೆ ಅರ್ಥವಾಗುವ ಒಂದು ಸಾಲು: ಸುಮಾರು 30 ಮನೆಗಳಿಗೆ ಪಡಿತರ ಕೊಟ್ಟರೆ ಒಂದು ಕ್ಷಯ ತಪ್ಪುತ್ತದೆ. ನನ್ನನ್ನು ಕೇಳಿದರೆ, ಇಷ್ಟು ಅಗ್ಗದ ಮದ್ದು ಆರೋಗ್ಯ ಇಲಾಖೆಗೆ ಸಿಗುವುದು ಅಪರೂಪ. ಮನೆಯವರ ಮಾತು ಹಾಗಿರಲಿ, ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಕೇಂದ್ರ ಕೊಡುವ ತಿಂಗಳ ಹಣ 2024ರ ನವೆಂಬರಿನಿಂದ 500 ರೂಪಾಯಿಯಿಂದ 1,000ಕ್ಕೆ ಏರಿದೆ.

ನಿಮ್ಮ ಊರಿಗೋ ಬಡಾವಣೆಗೋ ಮುಂದೊಂದು ದಿನ ಇಂಥ ವ್ಯಾನು ಬಂದೀತು. ಚೀಟಿಯಲ್ಲಿ ಬಂದದ್ದು ನಿಮ್ಮ ಊರಾದರೆ ನಿಮ್ಮ ಬದಲಿಗೆ ಬೇರೆಯವರು ನಿಲ್ಲಲಾಗದು. ಒಂದರ್ಧ ಗಂಟೆ ಬಿಡುವು ಮಾಡಿಕೊಳ್ಳಿ, ವಯಸ್ಸನ್ನೂ ಸಾಧ್ಯವಾದರೆ ಸರಿಯಾಗಿ ಹೇಳಿ. ವ್ಯಾನು ಬರುವವರೆಗೆ ಕಾಯಬೇಕೆಂದೂ ಇಲ್ಲ. ಕೆಮ್ಮು ಎರಡು ವಾರ ದಾಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬನ್ನಿ. ಅಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.